ಚಿಕನ್‌ಪಾಕ್ಸ್ ಎರಡನೇ ಡೋಸ್: ನೆದರ್‌ಲ್ಯಾಂಡ್ಸ್‌ಗೆ ಹೋದ ಮೇಲೆ ಹಾಕಿಸಬೇಕಾ?

ಪ್ರಶ್ನೆ: ಮುಂದಿನ ತಿಂಗಳು ಮ್ಯೂನಿಕ್‌ನಿಂದ ಐಂಡ್‌ಹೋವನ್‌ಗೆ ಮನೆ ಬದಲಿಸುತ್ತಿದ್ದೇವೆ. ಮಗಳಿಗೆ 13 ತಿಂಗಳು. ಮೊದಲ ಡೋಸ್ 11ನೇ ತಿಂಗಳಲ್ಲಿ ಆಯ್ತು, ಎರಡನೇದು 15ಕ್ಕೆ. ನೆದರ್‌ಲ್ಯಾಂಡ್ಸ್ ಪಟ್ಟಿಯಲ್ಲಿ ಈ ಲಸಿಕೆಯೇ ಇಲ್ಲವಂತೆ. ಬೇಕಾಗಿಲ್ಲ ಅಂತ ಅರ್ಥವಾ? ಅನುಭವ ಇದ್ದವರು ದಯವಿಟ್ಟು ಹೇಳಿ.

ಐಂಡ್‌ಹೋವನ್‌ನಿಂದ: ಹೊರಡುವ ಮುಂಚೆಯೇ ಮಗುವಿನ ಡಾಕ್ಟರನ್ನು ಕೇಳಿ. ಎರಡು ಡೋಸ್ ನಡುವೆ ನಾಲ್ಕರಿಂದ ಆರು ವಾರ ಕಳೆದಿದ್ದರೆ ಬೇಗ ಹಾಕಬಹುದು. ಇಲ್ಲಿ ಬಹುತೇಕ ಎಲ್ಲ ಮಕ್ಕಳಿಗೂ ಐದು ವರ್ಷದೊಳಗೆ ಬಂದು ಹೋಗುತ್ತೆ. ಗುಳ್ಳೆ ಎದ್ದಿದ್ದರೂ ಮಗು ಲವಲವಿಕೆಯಿಂದ ಇದ್ದರೆ ಡೇಕೇರ್‌ಗೆ ಕಳಿಸಬಹುದು. ಗುಳ್ಳೆ ಕಾಣುವ ಮುಂಚೆಯೇ ಹರಡಿರುತ್ತಲ್ಲ, ಅದಕ್ಕೆ.

ನಮ್ಮ ಮಗನಿಗೆ ಎರಡನೇ ವರ್ಷದಲ್ಲಿ ಬಂತು, ವಾರದಲ್ಲಿ ಆಟಕ್ಕೆ ಹೋದ. ಎರಡು ವಾರ ಬಿಟ್ಟು ನಮ್ಮ ಯಜಮಾನರಿಗೆ ಬಂತು. ಶಿವಮೊಗ್ಗದಲ್ಲಿ ಬೆಳೆದವರು, ಚಿಕ್ಕಂದಿನಲ್ಲಿ ಅಮ್ಮ ಆಗಿರಲಿಲ್ಲ. ನಮ್ಮಂಥ ಬಿಸಿಲಿನ ಊರುಗಳಲ್ಲಿ ದೊಡ್ಡವರಾಗುವ ತನಕ ಬರದೇ ಉಳಿಯೋದು ಹೆಚ್ಚಂತೆ. 36ನೇ ವಯಸ್ಸಲ್ಲಿ ಬಂದಿದ್ದು ನ್ಯುಮೋನಿಯಾಗೆ ತಿರುಗಿ ಆರು ದಿನ ಆಸ್ಪತ್ರೆ. ಅತ್ತೆ ಫೋನಲ್ಲಿ "ಬೇವಿನ ಸೊಪ್ಪಾದ್ರೂ ಸಿಗುತ್ತೇನಮ್ಮ ಅಲ್ಲಿ" ಅಂತ ಅಳ್ತಿದ್ರು. ಮಗಳ ಚಿಂತೆ ಜೊತೆಗೆ, ಇದನ್ನು ತಡೆಯೋ ಶಕ್ತಿ ಮೈಯಲ್ಲಿ ಇದೆಯಾ ಅಂತ ನಿಮ್ಮಿಬ್ಬರ ರಕ್ತ ಪರೀಕ್ಷೆಯನ್ನೂ ಮಾಡಿಸಿ. ಇನ್ನೊಂದು ಮಗುವಿನ ಯೋಚನೆ ಇದ್ದರೆ ಇನ್ನೂ ಮುಖ್ಯ, ಬಸುರಿಯಾದ ಮೇಲೆ ಈ ಲಸಿಕೆ ಕೊಡೋದಿಲ್ಲ.

ರೆಡಿಂಗ್‌ನಿಂದ: ಪಟ್ಟಿಯಲ್ಲಿಲ್ಲ ಅಂದರೆ ಲಸಿಕೆಯಲ್ಲಿ ದೋಷ ಇದೆ ಅಂತಲ್ಲ. ಇಂಗ್ಲೆಂಡಿನಲ್ಲೂ ಮೊನ್ನೆ ಮೊನ್ನೆವರೆಗೆ ಎಲ್ಲ ಮಕ್ಕಳಿಗೆ ಕೊಡ್ತಿರಲಿಲ್ಲ. ಮಕ್ಕಳಲ್ಲಿ ಕಾಯಿಲೆ ಓಡಾಡ್ತಿದ್ದರೆ ದೊಡ್ಡವರ ರೋಗನಿರೋಧಕ ಶಕ್ತಿ ಚುರುಕಾಗಿರುತ್ತೆ, ಅದು ನಿಂತರೆ ಅವರಲ್ಲಿ ಸರ್ಪಸುತ್ತು (ಮೈಯಲ್ಲಿ ಉಳಿದ ಇದೇ ವೈರಸ್ ಮತ್ತೆ ಎದ್ದು ಬರೋದು) ಹೆಚ್ಚಾದೀತು ಅನ್ನೋ ಭಯ ಇತ್ತು. ಅಮೆರಿಕದಲ್ಲಿ 1995ರಿಂದ ಹಾಕ್ತಿದ್ದಾರೆ, ಆ ಭಯ ನಿಜವಾಗಲಿಲ್ಲ. 2023ರಲ್ಲಿ ಇಲ್ಲಿನ ತಜ್ಞರ ಸಮಿತಿಯೂ ಶಿಫಾರಸು ಮಾಡ್ತು. 2026ರ ಜನವರಿಯಿಂದ 12 ಮತ್ತು 18ನೇ ತಿಂಗಳಿಗೆ ದಡಾರ, ಮಂಗನಬಾವು, ರುಬೆಲ್ಲಾ ಜೊತೆ ಒಂದೇ ಚುಚ್ಚುಮದ್ದಲ್ಲಿ ಉಚಿತ. ನಮ್ಮ ದೊಡ್ಡವಳಿಗೆ ನಾವು ದುಡ್ಡು ಕೊಟ್ಟೇ ಹಾಕಿಸಿದ್ವಿ.

ಮಿಲಾನ್‌ನಿಂದ: ಇಟಲಿಯಲ್ಲಿ 2017ರಿಂದೀಚೆಗೆ ಹುಟ್ಟಿದ ಮಕ್ಕಳಿಗೆ ಕಡ್ಡಾಯ, ನರ್ಸರಿಗೆ ಸೇರಿಸೋವಾಗ ದಾಖಲೆ ಕೇಳ್ತಾರೆ. ಲಸಿಕೆಗಳನ್ನು ಬರೆದಿಡುವ ಜರ್ಮನಿಯ ಆ ಹಳದಿ ಪುಸ್ತಕ ಜೋಪಾನ, ಸಾಮಾನಿನ ಪೆಟ್ಟಿಗೆಗೆ ಹಾಕಬೇಡಿ, ಕೈಚೀಲದಲ್ಲೇ ಇಟ್ಟುಕೊಳ್ಳಿ.

ಪ್ರಶ್ನೆ ಕೇಳಿದವರು: ಎಲ್ಲರಿಗೂ ತುಂಬಾ ಧನ್ಯವಾದ. ಮಂಗಳವಾರ ಮಗಳಿಗೆ ಎರಡನೇ ಡೋಸ್. ನನಗೆ ಆಗಿತ್ತಾ ಅಂತ ಊರಿಗೆ ಫೋನ್ ಮಾಡಿ ಕೇಳಿದೆ, "ನಿನ್ನ ತಮ್ಮನಿಗೆ ಆಗಿತ್ತು, ನಿನ್ನದು ನೆನಪಿಲ್ಲ" ಅಂದ್ರು ಅಮ್ಮ. ಅವತ್ತೇ ನಾವಿಬ್ಬರೂ ರಕ್ತ ಕೊಟ್ಟು ಬರ್ತೇವೆ.