ಪದ ಬೇಕು: ‘ರೀಅಪೋರ್ಷನ್‌ಮೆಂಟ್’ಗೆ ಕನ್ನಡದಲ್ಲಿ ಏನನ್ನೋಣ? (ತುರ್ತು)

ಎಲ್ಲರಿಗೂ ನಮಸ್ಕಾರ.

ದಾವಣಗೆರೆಯ ಒಂದು ಕಾಲೇಜಿನಲ್ಲಿ ಮತದಾರರ ದಿನಕ್ಕೆ ಫಲಕ ಮಾಡ್ತಿದ್ದೇವೆ. ಫ್ಲೆಕ್ಸ್ ಅಂಗಡಿಯವರು ಸಂಜೆ 5ಕ್ಕೆ ಪ್ರಿಂಟಿಗೆ ಹಾಕುತ್ತಾರೆ. ವಿಷಯ 1964ರ ಅಮೆರಿಕ ಸುಪ್ರೀಂ ಕೋರ್ಟ್ ತೀರ್ಪು, ರೆನಾಲ್ಡ್ಸ್ ವರ್ಸಸ್ ಸಿಮ್ಸ್. ಅಲಬಾಮಾ ರಾಜ್ಯದಲ್ಲಿ 1900ರ ಜನಗಣತಿ ನೋಡಿ ಹಂಚಿದ ಶಾಸಕ ಸ್ಥಾನಗಳೇ 60 ವರ್ಷ ನಡೆದುಕೊಂಡು ಬಂದಿದ್ದವು. 6 ಲಕ್ಷಕ್ಕೂ ಜಾಸ್ತಿ ಜನರಿದ್ದ ಜೆಫರ್ಸನ್ ಕೌಂಟಿಗೆ (ಕೌಂಟಿ ಅಂದರೆ ನಮ್ಮ ಜಿಲ್ಲೆಯ ಹಾಗೆ) ರಾಜ್ಯದ ಮೇಲ್ಮನೆಯಲ್ಲಿ ಒಬ್ಬ ಸೆನೆಟರ್. 15,417 ಜನರಿದ್ದ ಲೌಂಡ್ಸ್ ಕೌಂಟಿಗೂ ಒಬ್ಬ! ರಾಜ್ಯದ ಎರಡೂ ಸದನಗಳ ಸ್ಥಾನ ಜನಸಂಖ್ಯೆಗೆ ತಕ್ಕಂತೆ ಇರಬೇಕು ಎಂದಿತು ಕೋರ್ಟು. ಹೀಗೆ ಸ್ಥಾನಗಳನ್ನು ಮತ್ತೆ ಹಂಚೋದೇ ‘ರೀಅಪೋರ್ಷನ್‌ಮೆಂಟ್’.

‘ಕ್ಷೇತ್ರ ಪುನರ್ವಿಂಗಡಣೆ’ ಅಂದರೆ ಬರೀ ಗೆರೆ ಎಳೆಯೋದು ಅನ್ನಿಸುತ್ತದೆ. ಇಲ್ಲಿ ಯಾವ ಭಾಗಕ್ಕೆ ಎಷ್ಟು ಸ್ಥಾನ ಅನ್ನೋದೇ ಮುಖ್ಯ. ‘ಸೀಟು ಹಂಚಿಕೆ’ ಅಂದರೆ ಪಕ್ಷಗಳ ಮೈತ್ರಿ ಅಂದುಕೊಳ್ತಾರೆ. ಏನು ಬರೆಯಲಿ?

ಉತ್ತರ, ಚಿತ್ರದುರ್ಗದಿಂದ:
ಮೊದಲು ‘ಪುನರ್’ ಕಿತ್ತುಹಾಕಿ. ನಮ್ಮ ‘ಮರು’ ಇದೆ. ಇನ್ನು ‘ಕ್ಷೇತ್ರ’. ಅದರ ಮೂಲ ಅರ್ಥ ಹೊಲ. ಶಾಸಕರು ಜನರ ಪ್ರತಿನಿಧಿಗಳು, ಮರಗಳದ್ದಲ್ಲ, ಎಕರೆಗಳದ್ದೂ ಅಲ್ಲ ಅಂತ ಮುಖ್ಯ ನ್ಯಾಯಮೂರ್ತಿ ಅರ್ಲ್ ವಾರೆನ್ ಇದೇ ತೀರ್ಪಿನಲ್ಲಿ ಬರೆದರು. ಅಂಥ ತೀರ್ಪಿನ ತಲೆಬರಹಕ್ಕೆ ಹೊಲ ಯಾಕೆ? ‘ಮರುಪಾಲು’ ಅನ್ನಿ, ಸಾಕು.

ಉತ್ತರ, ಭರಮಸಾಗರದಿಂದ:
‘ಮರುಪಾಲು’ ಅಂದರೆ ನಮ್ಮ ಕಡೆ ಅಣ್ಣತಮ್ಮಂದಿರು ಹಿಸ್ಸೆಗೆ ಮತ್ತೆ ಕೂತರು ಅಂತ ಅರ್ಥ. 2008ರ ಮರುವಿಂಗಡಣೆಯಲ್ಲಿ ಭರಮಸಾಗರ ಕ್ಷೇತ್ರವೇ ಇಲ್ಲವಾಯಿತು. ‘ನಮ್ಮ ಕ್ಷೇತ್ರ ಹೋಯ್ತು’ ಅಂತ ಟೀ ಅಂಗಡಿಯಲ್ಲೂ ಮಾತಾಡಿದರು. ಯಾರಿಗೂ ಹೊಲ ನೆನಪಾಗಲಿಲ್ಲ. ಪದದ ಬೇರು ನಿಘಂಟಿನಲ್ಲಿರಲಿ.

ಚಿತ್ರದುರ್ಗದಿಂದ:
ಹೀಗೆ ಬಿಟ್ಟುಕೊಟ್ಟೇ ‘ಎಲ್ಲೆ’, ‘ಪಾಲು’ ಎಲ್ಲ ಮೂಲೆ ಸೇರಿದ್ದು.

ಭರಮಸಾಗರದಿಂದ:
ಸರ್ವೆಯವರು ಚೈನು ಹಿಡಿದು ಬದುವಿನ ಮೇಲೆ ನಿಂತಾಗ ನಾವು ‘ಹದ್ದುಬಸ್ತು’ ಅಂತೀವಿ. ‘ಹದ್ದು’ ಅರಬ್ಬಿ, ‘ಬಸ್ತು’ ಪಾರಸಿ. ಯಾವ ರೈತನಿಗೂ ಅದು ಹೊರಗಿನ ಮಾತಲ್ಲ. ಅದನ್ನೂ ಕೀಳ್ತೀರಾ?

ಚಿತ್ರದುರ್ಗದಿಂದ:
ಕೀಳಬೇಕು. ‘ಎಲ್ಲೆಕಟ್ಟು’ ಅನ್ನಲು ಏನು ಕಷ್ಟ?

ಕೇಳಿದವರಿಂದ:
4:20 ಆಯಿತು, ಅಂಗಡಿಯಲ್ಲೇ ಕೂತಿದ್ದೇನೆ. ದೊಡ್ಡ ಅಕ್ಷರದಲ್ಲಿ ‘ಜನಸಂಖ್ಯೆಗೆ ತಕ್ಕ ಸ್ಥಾನ’, ಕೆಳಗೆ ‘ಶಾಸಕ ಸ್ಥಾನಗಳ ಮರುಹಂಚಿಕೆ’ ಅಂತ ಹಾಕಿಸಿದೆ. ಬರೀ ‘ಹಂಚಿಕೆ’ಗೆ ‘ಶಾಸಕ’ ಸೇರಿದ್ದರಿಂದ ಮೈತ್ರಿಯ ಗೊಂದಲ ಇಲ್ಲ. ‘ಪುನರ್’ ತೆಗೆದಿದ್ದೇನೆ ಸರ್. ‘ಕ್ಷೇತ್ರ’ ಈ ಫಲಕಕ್ಕೆ ಬೇಕಾಗಲಿಲ್ಲ.