10 ಗಂಟೆಗೆ ಎಣಿಸಿದ ಉಸಿರು 1 ಗಂಟೆಗೆ ಕಂಪ್ಯೂಟರಿಗೆ: ದಾಖಲೆಯನ್ನು ಯಾವಾಗ ಬರೆಯಬೇಕು?

ಪ್ರಶ್ನೆ: ಎಂ.ಎಸ್ಸಿ. ನರ್ಸಿಂಗ್ ವಿದ್ಯಾರ್ಥಿನಿ, ರಾಯಚೂರು

ಹಿರಿಯರಿಗೆ ನಮಸ್ಕಾರ. ನನಗೆ ಪೋಸ್ಟಿಂಗ್ ಇರುವ ವಾರ್ಡಿನಲ್ಲಿ ಕೆಲವು ತಿಂಗಳಿಂದ ಕಾಗದದ ಕೇಸ್ ಶೀಟಿನ ಜೊತೆಗೆ ಕಂಪ್ಯೂಟರ್ ದಾಖಲೆಯೂ ನಡೆಯುತ್ತಿದೆ. 32 ಹಾಸಿಗೆಗಳಿಗೆ ಒಂದೇ ಕಂಪ್ಯೂಟರ್, ಅದೂ ಸಿಸ್ಟರ್ ಟೇಬಲ್ಲಿನ ಮೇಲೆ. ಹಾಗಾಗಿ ರೋಗಿಯ ಬಳಿ ನೋಡಿದ ಬಿಪಿ, ನಾಡಿ, ಉಸಿರಾಟಗಳನ್ನು ಚೀಟಿಯಲ್ಲಿ ಗುರುತು ಹಾಕಿಕೊಂಡು, ಡ್ಯೂಟಿ ಮುಗಿಯುವ ಮುನ್ನ ಎಲ್ಲವನ್ನೂ ಒಟ್ಟಿಗೆ ಏರಿಸುವುದು ರೂಢಿಯಾಗಿಬಿಟ್ಟಿದೆ.

ಕಳೆದ ವಾರ ಒಬ್ಬ ರೋಗಿಯ ಉಸಿರಾಟವನ್ನು ಬೆಳಿಗ್ಗೆ 10 ಗಂಟೆಗೆ ಎಣಿಸಿದಾಗ ನಿಮಿಷಕ್ಕೆ 26 ಇತ್ತು. ಅದು ನನ್ನ ಚೀಟಿಯಲ್ಲಿಯೇ ಉಳಿಯಿತು. ರೌಂಡ್ಸಿಗೆ ಬಂದ ವೈದ್ಯರು ಪರದೆಯ ಮೇಲೆ ಹಿಂದಿನ ರಾತ್ರಿಯ 18ನ್ನು ನೋಡಿ ಮುಂದಿನ ಹಾಸಿಗೆಗೆ ಹೋದರು. ಮಧ್ಯಾಹ್ನದ ಹೊತ್ತಿಗೆ ರೋಗಿಯನ್ನು ಐಸಿಯುಗೆ ಸಾಗಿಸಬೇಕಾಯಿತು. ಅವರು ಚೇತರಿಸಿಕೊಂಡಿದ್ದಾರೆ, ಆದರೆ ಆ ಚೀಟಿ ನನ್ನ ಮನಸ್ಸಿನಿಂದ ಹೋಗುತ್ತಿಲ್ಲ. ಇಂಥ ವಾರ್ಡಿನಲ್ಲಿ ದಾಖಲೆಯನ್ನು ಹೇಗೆ ನಿಭಾಯಿಸಬೇಕು, ಮತ್ತು ಇದನ್ನೇ ಪ್ರಬಂಧದ ವಿಷಯವಾಗಿ ತೆಗೆದುಕೊಳ್ಳಬಹುದೇ ಎಂದು ತಿಳಿಸಿ.

ಉತ್ತರ 1: ವಾರ್ಡ್ ಸಿಸ್ಟರ್, ಬಳ್ಳಾರಿ

ತಂಗಿ, ಮೊದಲು ಒಂದು ಮಾತು. ಆ 26 ಎಂಬ ಸಂಖ್ಯೆ ಕಂಪ್ಯೂಟರಿಗೆ ಹೋಗುವುದಕ್ಕಿಂತ ಮೊದಲು ವೈದ್ಯರ ಕಿವಿಗೆ ಹೋಗಬೇಕಿತ್ತು. ಬ್ರಿಟನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಶಿಯನ್ಸ್ ಸಿದ್ಧಪಡಿಸಿದ ಮುನ್ನೆಚ್ಚರಿಕೆಯ ಅಂಕಪಟ್ಟಿಯಲ್ಲಿ ಉಸಿರಾಟ 12ರಿಂದ 20ರ ಒಳಗಿದ್ದರೆ ಸೊನ್ನೆ, 21ರಿಂದ 24 ಇದ್ದರೆ 2, 25 ಮುಟ್ಟಿದರೆ 3 ಅಂಕ. ಒಂದೇ ಅಂಶಕ್ಕೆ 3 ಬಂದರೂ ರೋಗಿಯನ್ನು ತಡಮಾಡದೆ ಮತ್ತೆ ನೋಡಿಸಬೇಕು ಎಂಬುದು ಅದರ ನಿಯಮ. ಅಸಹಜವಾದದ್ದನ್ನು ಬಾಯಿಂದ ತಿಳಿಸಿ, ತಿಳಿಸಿದ ಹೊತ್ತನ್ನೂ ಸೇರಿಸಿ ಕೂಡಲೇ ಏರಿಸಿ. ಉಳಿದವು ಸ್ವಲ್ಪ ಕಾದರೂ ನಡೆದೀತು.

ತಡವಾಗಿ ಏರಿಸುವಾಗ ಅಳೆದ ಹೊತ್ತನ್ನೇ ನಮೂದಿಸಿ, ತಡವಾದ ನಮೂದು ಎಂದು ಸ್ಪಷ್ಟವಾಗಿ ಬರೆಯಿರಿ. ಒಳ್ಳೆಯ ತಂತ್ರಾಂಶ ಟೈಪು ಮಾಡಿದ ಹೊತ್ತನ್ನು ತಾನೇ ಬೇರೆಯಾಗಿ ಇಟ್ಟುಕೊಂಡಿರುತ್ತದೆ. ಅದರಿಂದ ಮರೆಮಾಚುವುದು ಸಾಧ್ಯವೂ ಇಲ್ಲ, ಅಗತ್ಯವೂ ಇಲ್ಲ. ಇನ್ನೊಬ್ಬರ ಪಾಸ್‌ವರ್ಡಿನಲ್ಲಿ ಕುಳಿತು ಬರೆಯುವ ಅಭ್ಯಾಸವನ್ನಂತೂ ಕಲಿಯಲೇಬೇಡಿ. ಕರೆಂಟ್ ಹೋದಾಗ ಬಳಸಲು ಖಾಲಿ ಚಾರ್ಟುಗಳು ಟೇಬಲ್ಲಿನ ಮೇಲೆಯೇ ಇರಲಿ, ಬೀರುವಿನೊಳಗೆ ಬೀಗ ಹಾಕಿಕೊಂಡು ಕೂರುವುದು ಬೇಡ.

ನನ್ನ ಅನುಭವದ ಇನ್ನೊಂದು ಸಂಗತಿಯನ್ನೂ ಹೇಳುತ್ತೇನೆ. ಸಿರುಗುಪ್ಪದ ಕಡೆಯ ಸಕ್ಕರೆ ಕಾಯಿಲೆಯ ಅಜ್ಜಿಯೊಬ್ಬರು "ಜೀವ ಕಸಿವಿಸಿ ಆಗಾಕತ್ತೈತವ್ವಾ" ಎಂದು ಎರಡು ಸಲ ಹೇಳಿದ್ದರು. ಪರದೆಯ ಪಟ್ಟಿಯಲ್ಲಿ ಎದೆನೋವು, ವಾಂತಿ, ಸುಸ್ತು ಎಂದೆಲ್ಲ ಇತ್ತು, ಕಸಿವಿಸಿ ಇರಲಿಲ್ಲ. ನಾನು ಸುಸ್ತು ಎಂಬುದನ್ನು ಒತ್ತಿದೆ. ಮುಂದಿನ ಪಾಳಿಯವರು ಅದನ್ನು ಓದಿ ಅಜ್ಜಿ ದಣಿದಿದ್ದಾರೆಂದು ತಿಳಿದರು. ಇಸಿಜಿ ತೆಗೆದಾಗ ಹೃದಯಾಘಾತವೆಂದು ಗೊತ್ತಾಯಿತು. ಸಕ್ಕರೆ ಕಾಯಿಲೆಯವರಲ್ಲಿ ಎದೆನೋವಿಲ್ಲದೆಯೇ ಹೃದಯಾಘಾತ ಆಗಬಹುದೆಂದು ಪರೀಕ್ಷೆಯಲ್ಲಿ ಬರೆದು ಅಂಕ ಪಡೆದವಳು ನಾನೇ. ಅಂದಿನಿಂದ ಪಟ್ಟಿಯಲ್ಲಿ ಏನನ್ನು ಒತ್ತಿದರೂ, ಟಿಪ್ಪಣಿಯ ಜಾಗದಲ್ಲಿ ರೋಗಿಯ ಮಾತನ್ನು ಇದ್ದಂತೆಯೇ ಬರೆಯುತ್ತೇನೆ.

ಉತ್ತರ 2: ನರ್ಸಿಂಗ್ ಕಾಲೇಜಿನ ಬೋಧಕಿ, ಕೊಪ್ಪಳ

ಸಿಸ್ಟರ್ ಅವರ ಅನುಭವಕ್ಕೆ ಗೌರವವಿದೆ. ಆದರೆ ಸಹಜವಾದವು ಕಾಯಬಹುದು ಎಂಬ ಮಾತನ್ನು ನಾನು ಪೂರ್ತಿ ಒಪ್ಪಲಾರೆ. ಬೆಳಿಗ್ಗೆ 6ಕ್ಕೆ 20, 8ಕ್ಕೆ 22 ಎಂದು ಪರದೆಯ ಮೇಲೆ ಇದ್ದಿದ್ದರೆ, 10 ಗಂಟೆಯ 26 ಯಾರಿಗೂ ಹಠಾತ್ತನೆ ಬಂದದ್ದೆಂದು ತೋರುತ್ತಿರಲಿಲ್ಲ. ಸಂಖ್ಯೆ ಏರುವ ದಾರಿಯನ್ನು ತೋರಿಸುವುದೇ ಕಂಪ್ಯೂಟರ್ ದಾಖಲೆಯ ಮುಖ್ಯ ಲಾಭ, ಮತ್ತು ಆ ದಾರಿಯ ಮೊದಲ ಹೆಜ್ಜೆಗಳು ಬಹುತೇಕ ಸಹಜವಾಗಿಯೇ ಕಾಣುತ್ತವೆ.

ಪ್ರಬಂಧಕ್ಕೆ ವಿಷಯ ಯೋಗ್ಯವಾಗಿದೆ. ಶುಶ್ರೂಷಕರ ಜ್ಞಾನ ಮತ್ತು ಮನೋಭಾವ, ಅದಕ್ಕೊಂದು ಬೋಧನಾ ಕಾರ್ಯಕ್ರಮ ಎಂಬ ಹಳೆಯ ಅಚ್ಚಿನಲ್ಲಿ ಮಾತ್ರ ಅದನ್ನು ಎರೆಯಬೇಡಿ. ನಮ್ಮ ಗ್ರಂಥಾಲಯದ ಕಪಾಟುಗಳು ಅವುಗಳಿಂದ ಈಗಾಗಲೇ ತುಂಬಿವೆ. ಅಳೆದ ಹೊತ್ತಿಗೂ ಏರಿಸಿದ ಹೊತ್ತಿಗೂ ನಡುವಿನ ಅಂತರವನ್ನೇ ಅಳೆಯಿರಿ. ಇಲ್ಲೊಂದು ತೊಡಕಿದೆ: ನಂತರ ಟೈಪು ಮಾಡುವವರು ಸಾಮಾನ್ಯವಾಗಿ 8:00, 10:00 ಎಂದು ದುಂಡು ಹೊತ್ತನ್ನೇ ಹಾಕುತ್ತಾರೆ. ಆದ್ದರಿಂದ ನೀವೇ ಹಾಸಿಗೆಯ ಪಕ್ಕ ನಿಂತು ಗಡಿಯಾರ ನೋಡಿ ಬರೆದುಕೊಳ್ಳುವ ಒಂದು ಹಂತ ಬೇಕಾಗುತ್ತದೆ. ನೀವು ನಿಂತಿದ್ದೀರಿ ಎಂಬ ಕಾರಣಕ್ಕೇ ಎಲ್ಲರೂ ಬೇಗ ಏರಿಸತೊಡಗಬಹುದು; ಮೊದಲ ಕೆಲವು ದಿನಗಳ ಮಾಹಿತಿಯನ್ನು ಬೇರೆಯಾಗಿಯೇ ಇಡಿ. ಸಂಶೋಧನೆಯ ನೈತಿಕತೆಯನ್ನು ಪರಿಶೀಲಿಸುವ ಸಮಿತಿಯ (ಎಥಿಕ್ಸ್ ಕಮಿಟಿ) ಒಪ್ಪಿಗೆ ಬರುವ ಮೊದಲು ಒಂದು ಸಾಲನ್ನೂ ಸಂಗ್ರಹಿಸಬೇಡಿ. ರೋಗಿಯ ಹೆಸರು, ಒಳರೋಗಿ ಸಂಖ್ಯೆ, 14 ಅಂಕಿಗಳ ಆಭಾ (ಆಯುಷ್ಮಾನ್ ಭಾರತ್ ಆರೋಗ್ಯ ಖಾತೆ) ಸಂಖ್ಯೆ ಇವು ಯಾವುವೂ ನಿಮ್ಮ ಹಾಳೆಗೆ ಬರಬಾರದು.

ಪ್ರಶ್ನೆ ಕೇಳಿದವರು

ಮೇಡಂ, ಸಿಸ್ಟರ್, ಇಬ್ಬರಿಗೂ ಧನ್ಯವಾದಗಳು. ಒಂದು ಅಳುಕು ಉಳಿದಿದೆ. ತಡವಾಗುತ್ತಿರುವುದು ಅಂಕಿಅಂಶದಲ್ಲಿ ಸ್ಪಷ್ಟವಾದರೆ ನನಗೆ ಕೆಲಸ ಕಲಿಸಿದ ಸಿಸ್ಟರ್‌ಗಳ ಮೇಲೆಯೇ ನೋಟಿಸು ಬರಬಹುದಲ್ಲವೇ?

ಉತ್ತರ 3: ಬೋಧಕಿ, ಕೊಪ್ಪಳ

ಹೆಸರಿನ ಬದಲು ಪಾಳಿ, ಆ ಪಾಳಿಯಲ್ಲಿದ್ದ ರೋಗಿಗಳ ಸಂಖ್ಯೆ, ಸಿಸ್ಟರ್‌ಗಳ ಸಂಖ್ಯೆ ಮತ್ತು ಹಾಸಿಗೆಯಿಂದ ಕಂಪ್ಯೂಟರಿಗೆ ಇರುವ ದೂರ, ಇವಿಷ್ಟನ್ನೇ ದಾಖಲಿಸಿ. 32 ರೋಗಿಗಳಿಗೆ ಇಬ್ಬರೇ ಇದ್ದ ರಾತ್ರಿಯ ಅಂತರ ಹೆಚ್ಚಿದ್ದರೆ, ಅದನ್ನು ಓದಿದವರು ಸಿಬ್ಬಂದಿಯ ಲೆಕ್ಕ ಕೇಳುತ್ತಾರೆಯೇ ಹೊರತು ಆ ಇಬ್ಬರ ಹೆಸರನ್ನಲ್ಲ.

ಉತ್ತರ 4: ವಾರ್ಡ್ ಸಿಸ್ಟರ್, ಬಳ್ಳಾರಿ

ಮೇಡಂ ಅವರ ಆಕ್ಷೇಪಣೆ ಸರಿ, ನನ್ನ ಮಾತನ್ನು ತಿದ್ದಿಕೊಳ್ಳುತ್ತೇನೆ. ತಂಗಿ, ಪ್ರಬಂಧ ಮುಗಿಯಲು ವರ್ಷ ಬೇಕು. ಅಲ್ಲಿಯವರೆಗೆ ಆ ಒಂದು ಕಂಪ್ಯೂಟರನ್ನು ಚಕ್ರದ ಟ್ರಾಲಿಯ ಮೇಲೆ ಇರಿಸಿ, ಆಕ್ಸಿಜನ್ ಹಚ್ಚಿದ ರೋಗಿಗಳ ಸಾಲಿನ ಬಳಿಗೆ ತರಲು ಸಾಧ್ಯವೇ ಎಂದು ನಾಳೆಯೇ ವಾರ್ಡಿನ ಇನ್‌ಚಾರ್ಜ್ ಅವರನ್ನು ಕೇಳಿ ನೋಡಿ. ನಮ್ಮಲ್ಲಿ ಅದಕ್ಕೆ ಬೇಕಾದದ್ದು ಒಂದು ಉದ್ದನೆಯ ವೈರು ಮಾತ್ರ.