ಕೊನೇ ಕಂತಲ್ಲಿ ನಾಯಕಿ ಸತ್ರೂ ಯಾರಿಗೂ ಅಳು ಬರ್ತಿಲ್ಲ. ಅನಿಮೆಗಳಲ್ಲಿ (ಜಪಾನಿನ ಅನಿಮೇಷನ್ ಸರಣಿಗಳಲ್ಲಿ) ಇದನ್ನ ಹೇಗೆ ಕಟ್ತಾರೆ?

ಆಲೆಮನೆ_ಹೊಗೆ (ಮಂಡ್ಯ):
6 ಕಂತಿನ ಅನಿಮೇಷನ್ ಸರಣಿಗೆ ಸ್ಕ್ರಿಪ್ಟ್ ಮುಗಿದಿದೆ, ತಲಾ 12 ನಿಮಿಷ. ಕಥೆ ನಡೆಯೋದು ಮಂಡ್ಯ ಪಕ್ಕದ ಹಳ್ಳೀಲಿ. ಹುಡುಗ ಅಪ್ಪನ ಆಲೆಮನೆ ನೋಡ್ಕೋತಾನೆ. ಹುಡುಗಿ ರೈಲಲ್ಲಿ ಮೈಸೂರಿಗೆ ಓದೋಕೆ ಹೋಗಿಬರ್ತಾಳೆ. ಅವಳಿಗೆ ಕಿಡ್ನಿ ಹೋಗಿದೆ ಅಂತ 5ನೇ ಕಂತಲ್ಲಿ ಗೊತ್ತಾಗುತ್ತೆ, 6ರ ಕೊನೇ ನಿಮಿಷದಲ್ಲಿ ಸಾಯ್ತಾಳೆ. ಓದಿದವರು ‘ಅಯ್ಯೋ ಪಾಪ’ ಅಂತಾರೆ, ಅಷ್ಟೆ. ‘ಯುವರ್ ಲೈ ಇನ್ ಏಪ್ರಿಲ್’, ‘ಕ್ಲನಾಡ್’ ನೋಡಿದಾಗ ಕರುಳು ಕಿವುಚಿದ ಹಾಗಾಗುತ್ತಲ್ಲ, ಅದು ಇಲ್ಲಿ ಯಾಕೆ ಆಗ್ತಿಲ್ಲ? ಎಲ್ಲಿ ಬದಲಾಯಿಸ್ಬೇಕು?

ನಾಲೆ_ಏರಿ:
(ಈ ಸರಣಿಗಳ ಕೊನೆ ಹೇಳ್ತಿದ್ದೀನಿ, ನೋಡದವರು ಮುಂದೆ ಓದ್ಬೇಡಿ.)

ಕಾಯಿಲೆ 5ನೇ ಕಂತಲ್ಲಿ ಬಂದ್ರೆ ಅದು ಸುದ್ದಿ ಆಗುತ್ತೆ, ದುಃಖ ಆಗಲ್ಲ. ‘ಏಪ್ರಿಲ್’ 22 ಕಂತಿನ ಸರಣಿ. ನಾಯಕಿ ಕಾವೋರಿ 4ನೇ ಕಂತಲ್ಲೇ ವೇದಿಕೆ ಮೇಲೆ ಕುಸಿದು ಬೀಳ್ತಾಳೆ. ಅಲ್ಲಿಂದ ಮುಂದೆ ಅವಳು ನಕ್ಕಾಗಲೆಲ್ಲ ನಮಗೆ ಒಳಗೊಳಗೇ ಅಳುಕು. ಅದಕ್ಕಿಂತ ಮುಖ್ಯವಾದದ್ದು ನಾಯಕ ಕೋಸೆಯ್‌ದು. ಅಮ್ಮ ಸತ್ತ ಮೇಲೆ ಅವನಿಗೆ ತಾನು ನುಡಿಸೋ ಪಿಯಾನೋದ ಸ್ವರವೇ ಕೇಳಿಸಲ್ಲ. ಅವನನ್ನ ಮತ್ತೆ ಪಿಯಾನೋ ಮುಂದೆ ಕೂರಿಸಿದವಳು ಕಾವೋರಿ. ಹಾಗಾಗಿ ಅವಳು ಹೋದಾಗ ಅವನು ಏನು ಕಳ್ಕೊಂಡ ಅಂತ ಯಾರೂ ಬಿಡಿಸಿ ಹೇಳ್ಬೇಕಾಗಿಲ್ಲ. ನಿಮ್ಮ ಹುಡುಗನಿಗೆ ಅವಳನ್ನ ಪ್ರೀತಿಸೋದು ಬಿಟ್ಟು ಬೇರೇನು ಕಷ್ಟ ಇದೆ? ಆಲೆಮನೆ ಮುಚ್ಚೋ ಸ್ಥಿತಿಗೆ ಬಂದಿದ್ಯಾ, ಅಪ್ಪನ ಜೊತೆ ಮಾತು ಬಿಟ್ಟಿದ್ದಾನಾ? ಅದನ್ನ ಮೊದಲು ಬರೀರಿ.

ಕಿಡ್ನಿ ಅಂತ ಇಟ್ಕೊಂಡಿದ್ದೀರಲ್ಲ, ಅದನ್ನ ಪೂರ್ತಿ ಬಳಸಿ. ಡಯಾಲಿಸಿಸ್ ಸಾಮಾನ್ಯವಾಗಿ ವಾರಕ್ಕೆ ಮೂರು ಸಲ, ಒಂದೊಂದು ಸಲಕ್ಕೆ ಸುಮಾರು 4 ಗಂಟೆ. ಅವಳು ಮೈಸೂರಿಗೆ ಹೋಗೋದು ಓದೋಕಲ್ಲ, ದೊಡ್ಡಾಸ್ಪತ್ರೆಗೆ ಅಂತ ಬದಲಾಯಿಸಿ. ಕ್ಲಾಸು ಅಂತ ಅವನಿಗೆ ಸುಳ್ಳು ಹೇಳಿದ್ದಾಳೆ. 2ನೇ ಕಂತಲ್ಲಿ ಚಪ್ಪಲಿ ಬಿಚ್ಚಿದಾಗ ಊದಿದ ಪಾದದ ಮೇಲೆ ಪಟ್ಟಿಯ ಗುರುತು ಆಳವಾಗಿ ಉಳಿದಿರ್ಲಿ, ಮಾತು ಬೇಡ. ಡಯಾಲಿಸಿಸ್‌ನಲ್ಲಿರೋರಿಗೆ ನೀರು ಕುಡಿಯೋದಕ್ಕೂ ಲೆಕ್ಕ ಇರುತ್ತೆ. 1ನೇ ಕಂತಲ್ಲಿ ಅವನು ಕೊಟ್ಟ ಕಬ್ಬಿನ ಹಾಲನ್ನ ಒಂದು ಗುಟುಕು ಕುಡಿದು ಲೋಟ ಕೆಳಗಿಡ್ತಾಳೆ, ಅವನಿಗೆ ಬೇಜಾರಾಗುತ್ತೆ. 3ರಲ್ಲೂ ಅದೇ ಆಗ್ಲಿ. 4ರಲ್ಲಿ ಕಾರಣ ಗೊತ್ತಾದಾಗ ಆ ಒಂದು ಗುಟುಕನ್ನೂ ಅವಳು ಅವನಿಗೋಸ್ಕರ ಕುಡಿದಳು ಅಂತ ನೋಡೋರಿಗೇ ಹೊಳೆಯುತ್ತೆ. ಯಾರ ಬಾಯಲ್ಲೂ ಅದನ್ನ ಹೇಳಿಸ್ಬೇಡಿ.

ಇನ್ನೊಂದು, ಡಯಾಲಿಸಿಸ್ ಮಾಡಿಸ್ಕೊಂಡು ವರ್ಷಗಟ್ಟಲೆ ಬದುಕೋರು ಎಷ್ಟೋ ಜನ ಇದ್ದಾರೆ. ಸಾವಿಗೆ ಸೋಂಕಿನಂಥ ಕಾರಣ ಇಡಿ. ಇಲ್ಲದಿದ್ರೆ ತಿಳಿದವರು ಅಲ್ಲೇ ಕಥೆ ನಂಬೋದು ಬಿಡ್ತಾರೆ.

ಒಂಟಿಕೊಪ್ಪಲ್_ಸಂಜೆ:
ಮುಚ್ಚಿಡೋದೊಂದೇ ದಾರಿ ಅಲ್ಲ. ‘ಪ್ಲಾಸ್ಟಿಕ್ ಮೆಮೊರೀಸ್’ (2015, 13 ಕಂತು) ನೋಡಿ. ಗಿಫ್ಟಿಯಾ ಅನ್ನೋ ಆಂಡ್ರಾಯ್ಡ್‌ಗಳ (ಮನುಷ್ಯರಂತೆ ಕಾಣೋ ರೋಬೋಗಳ) ಆಯಸ್ಸು 81,920 ಗಂಟೆ, ಅಂದ್ರೆ 9 ವರ್ಷ ನಾಲ್ಕು ತಿಂಗಳ ಹತ್ತಿರ. ಅವಧಿ ಮುಗಿಯೋ ಗಿಫ್ಟಿಯಾಗಳನ್ನ ಮನೆಯವರ ಕೈಯಿಂದ ಬಿಡಿಸಿ ತರೋದೇ ನಾಯಕನ ಕೆಲಸ. ಅವನು ಪ್ರೀತಿಸೋ ಐಲಾ ಕೂಡ ಗಿಫ್ಟಿಯಾನೇ. ಅಂತ್ಯ ಏನು ಅಂತ ಗೊತ್ತಿದ್ದೂ ನೋಡ್ತೀವಿ. ಆಗ ಪ್ರಶ್ನೆ ‘ಏನಾಗುತ್ತೆ’ ಅನ್ನೋದಲ್ಲ, ‘ಉಳಿದ ದಿನಗಳಲ್ಲಿ ಏನು ಮಾಡ್ತಾರೆ’ ಅನ್ನೋದು. 72 ನಿಮಿಷದ ಕಥೆಗೆ ನಾನಾದ್ರೆ ಇದನ್ನೇ ಆರಿಸ್ತೀನಿ. ಗುಟ್ಟು ಕಾಪಾಡೋಕೆ ಖರ್ಚಾಗೋ ದೃಶ್ಯಗಳು ಉಳಿಯುತ್ತವೆ.

ಸಾವನ್ನ ಕೊನೇ ನಿಮಿಷಕ್ಕೆ ಇಟ್ಟಿರೋದೇ ದೊಡ್ಡ ತಪ್ಪು. ‘ಕ್ಲನಾಡ್’ನ ಮುಂದಿನ ಭಾಗ ‘ಕ್ಲನಾಡ್ ಆಫ್ಟರ್ ಸ್ಟೋರಿ’ಯಲ್ಲಿ ನಾಯಕಿ ನಾಗಿಸಾ ಸಾಯೋದು 16ನೇ ಕಂತಲ್ಲಿ, ಜನ ಬಿಕ್ಕಿ ಬಿಕ್ಕಿ ಅಳೋದು 18ರಲ್ಲಿ. ನಡುವೆ ಐದು ವರ್ಷ ಮಗಳ ಕಡೆ ತಿರುಗಿ ನೋಡದ ಅಪ್ಪ. ಹೂವಿನ ಬಯಲಲ್ಲಿ ಆ ಮಗಳು ಉಶಿಯೋ ಆಟಿಕೆ ರೋಬೋ ಕಳ್ಕೊಂಡು ಹುಡುಕ್ತಾಳೆ. ಬೇರೆ ಕೊಡಿಸ್ತೀನಿ ಅಂದ್ರೂ ಒಪ್ಪಲ್ಲ, ಯಾಕಂದ್ರೆ ಅದು ಅಪ್ಪ ಮೊದಲ ಸಲ ತೆಗೆದುಕೊಟ್ಟಿದ್ದು. ಸಾವಿನ ದೃಶ್ಯಕ್ಕಿಂತ ಆ ಆಟಿಕೆ ಹೆಚ್ಚು ಅಳಿಸುತ್ತೆ. ನಿಮ್ಮ ಹುಡುಗಿಯ ಸಾವನ್ನ 6ನೇ ಕಂತಿನ 3ನೇ ನಿಮಿಷದೊಳಗೆ ಮುಗಿಸಿ, ಉಳಿದ 9 ನಿಮಿಷ ಅವನಿಗೆ ಕೊಡಿ. ಮಾರನೇ ವಾರ ಅದೇ ರೈಲಿನ ಹೊತ್ತಿಗೆ ಅವನು ಅಭ್ಯಾಸಬಲದಿಂದ ಎರಡು ಲೋಟ ತೊಳೀತಾನೆ. ಅಪ್ಪ ನೋಡಿ, ಏನೂ ಹೇಳದೆ ಎರಡನೇ ಲೋಟ ತಾನು ತಗೋತಾನೆ. ನಾಲೆ_ಏರಿ ಅವರು ಕೇಳಿದ ಅಪ್ಪ-ಮಗನ ಜಗಳವೂ ಅಲ್ಲಿಗೇ ಬಂದು ಸೇರುತ್ತೆ.

ಕಾಳಿದಾಸರಸ್ತೆ_ಕ್ಯಾಂಟೀನ್:
ಚಿತ್ರ, ಸದ್ದಿನ ಬಗ್ಗೆ ಎರಡು ಮಾತು. ಸೆಕೆಂಡಿಗೆ 24 ಫ್ರೇಮಲ್ಲಿ ಒಂದೊಂದು ಚಿತ್ರ 3 ಫ್ರೇಮ್ ನಿಲ್ಲಿಸಿದ್ರೂ 8 ಚಿತ್ರ ಬೇಕು. 12 ನಿಮಿಷಕ್ಕೆ 5,760. ಅಷ್ಟು ಬಿಡಿಸೋಕಾಗಲ್ಲ, ಬಿಡಿಸೋದೂ ಬೇಡ. ಅಳೋ ಮುಖ ತೋರಿಸೋದು ಕಷ್ಟ, ಸ್ವಲ್ಪ ತಪ್ಪಿದ್ರೂ ನಾಟಕ ಆಗಿಬಿಡುತ್ತೆ. ಲೋಟದ ಅಂಚು, ಕಿಟಕಿ ಸರಳು ಹಿಡಿದ ಕೈ, ಇಂಥದ್ದನ್ನ 4-5 ಸೆಕೆಂಡ್ ಅಲ್ಲಾಡದೆ ನಿಲ್ಲಿಸಿ. ಉಳಿದ ಚಿತ್ರಗಳನ್ನ ಅವಳು ನಗೋ ದೃಶ್ಯಕ್ಕೆ ಸುರೀರಿ, ನೆನಪಲ್ಲಿ ಉಳಿಯಬೇಕಾದ್ದು ಅದು.

ಪಿಟೀಲು ಜೋರು ಮಾಡಿದಷ್ಟೂ ಅಳು ದೂರ ಹೋಗುತ್ತೆ. ಶ್ರೀರಂಗಪಟ್ಟಣದ ಸೇತುವೆ ಮೇಲೆ ರೈಲಿನ ಸದ್ದು ಬದಲಾಗುತ್ತಲ್ಲ, ಅದನ್ನ ಮೊದಲ ಕಂತಲ್ಲೇ ಅವಳಿಗೆ ಅಂಟಿಸಿ. ಕೊನೇಲಿ ಆ ಸದ್ದೊಂದೇ ಸಾಕು. ‘ಅನೊಹಾನಾ’ ಅನ್ನೋ 11 ಕಂತಿನ ಅನಿಮೆಯಲ್ಲಿ ಕಂತಿನ ಕೊನೇ ದೃಶ್ಯ ಇನ್ನೂ ನಡೀತಿರುವಾಗಲೇ ಮುಕ್ತಾಯದ ಹಾಡಿನ ಮೊದಲ ಸ್ವರಗಳು ಕೆಳಗಿಂದ ಏಳುತ್ತವೆ, ಹಾಗೆ ಮಾಡಿ.

ಆಲೆಮನೆ_ಹೊಗೆ (ಮಂಡ್ಯ):
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಲೋಟ ಇಟ್ಕೋತೀನಿ, ಸಾವನ್ನ 6ರ ಶುರುವಿಗೇ ತರ್ತೀನಿ. 6ರಲ್ಲಿ ಹಳೇ ದೃಶ್ಯಗಳನ್ನೆಲ್ಲ ಜೋಡಿಸಿದ ಎರಡು ನಿಮಿಷದ ನೆನಪಿನ ಭಾಗ ಇದೆ. ಅದು ಇರಲಾ?

ನಾಲೆ_ಏರಿ:
ತೆಗೀರಿ. ನೋಡೋರು ಅದನ್ನೆಲ್ಲ ಒಂದು ಗಂಟೆ ಹಿಂದೆ ನೋಡಿರ್ತಾರೆ. ಇಡಲೇಬೇಕು ಅಂದ್ರೆ ಮೊದಲು ತೋರಿಸದ ಒಂದೇ ಒಂದು ದೃಶ್ಯ ಇಡಿ, ಅವಳ ಕಡೆಯಿಂದ, 20 ಸೆಕೆಂಡ್ ಮೀರದ ಹಾಗೆ. ‘ಏಪ್ರಿಲ್’ ಕೊನೇಲಿ ಕಾವೋರಿ ಕೋಸೆಯ್‌ಗೆ ಬರೆದಿಟ್ಟು ಹೋದ ಕಾಗದ ಕೆಲಸ ಮಾಡೋದೂ ಹೀಗೇ. ನಾವು ಆಗಲೇ ನೋಡಿದ ದಿನಗಳು ಅವಳಿಗೆ ಹೇಗೆ ಕಂಡಿದ್ದವು ಅನ್ನೋದು ಅದರಲ್ಲೇ ಮೊದಲು ಗೊತ್ತಾಗುತ್ತೆ.